ಹಳೆ ಡಾಂಬರು ತಾರಸಿಯ ಮೇಲೆ ಪಿವಿಸಿ ಮೆಂಬ್ರೇನ್ ಹಾಕಿಸಬಹುದಾ? 1.2 ಮಿ.ಮೀ. ಸಾಕಾ, 1.5 ಬೇಕಾ?

ಕೆಳಗೆ ಹೋಟೆಲ್, ಮೇಲೆ ಆಫೀಸುಗಳು, ಅದರ ಮೇಲೆ ಸೋರುವ ಹಳೆ ಡಾಂಬರು ಶೀಟಿನ ತಾರಸಿ. ಅದಕ್ಕೆ ಪಿವಿಸಿ ಮೆಂಬ್ರೇನ್, ಅಂದರೆ ನೀರು ತಡೆಯುವ ಪ್ಲಾಸ್ಟಿಕ್ ಶೀಟು, ಸರಿಹೋಗುತ್ತಾ, ಎಷ್ಟು ದಪ್ಪದ್ದು ಬೇಕು ಅಂತ ಕೇಳಿದ್ದೀರಿ. ಪಿವಿಸಿ ಹಾಕಿಸಿ, 1.5 ತಗೊಳ್ಳಿ. ಆದರೆ ದಪ್ಪಕ್ಕಿಂತ ಮೊದಲು ನೋಡಬೇಕಾದ್ದು ಆ ಡಾಂಬರು.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ತಾರಸಿ ಕೆಲಸ ಮಾಡಿಸಲು ಶುರು ಮಾಡಿದ ಹೊಸತರಲ್ಲಿ, ಒಂದು ಕಡೆ ಡಾಂಬರಿನ ಮೇಲೆ ನೇರವಾಗಿ ಪಿವಿಸಿ ಹಾಸಿಸಿಬಿಟ್ಟೆ. ಕೆಲವು ವರ್ಷದ ಮೇಲೆ ಹೋಗಿ ನೋಡಿದರೆ ಬಿಳಿ ಶೀಟು ಕಂದು ಬಣ್ಣಕ್ಕೆ ತಿರುಗಿತ್ತು. ಪ್ಯಾರಪೆಟ್ ಮೂಲೆಯಲ್ಲಿ ಗೋಡೆ ಬಿಟ್ಟು, ತಮಟೆ ಚರ್ಮದ ಹಾಗೆ ಬಿಗಿದುಕೊಂಡು ನಿಂತಿತ್ತು. ಪಿವಿಸಿ ಮೆತ್ತಗಿರುವುದು ಅದರೊಳಗೆ ಬೆರೆಸಿದ ಪ್ಲಾಸ್ಟಿಸೈಜರ್‌ನಿಂದ. ಡಾಂಬರು ತಾಗಿದರೆ ಅದು ಮೆಲ್ಲಗೆ ಸೋರಿಹೋಗುತ್ತದೆ, ಶೀಟು ಗಟ್ಟಿಯಾಗಿ ಕುಗ್ಗುತ್ತದೆ. ಥರ್ಮೋಕೋಲ್ ತಾಗಿದರೂ ಇದೇ ಕಥೆ. ಹಾಗಾಗಿ ನಡುವೆ ಪಾಲಿಯೆಸ್ಟರ್ ಫ್ಲೀಸ್ (ದಪ್ಪನೆ ಬಟ್ಟೆಯಂಥ ಪದರ) ಅಥವಾ ಎರಡನ್ನೂ ಬೇರ್ಪಡಿಸುವ ಬೋರ್ಡ್ ಇರಲೇಬೇಕು. ಕೊಟೇಶನ್‌ನಲ್ಲಿ ಆ ಸಾಲು ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ.

ಇನ್ನೊಂದು, ಹಳೆ ಪದರದೊಳಗೆ ನೀರು ಕೂತಿದೆಯಾ ನೋಡಿ. ಮೂರ್ನಾಲ್ಕು ಕಡೆ ಅಂಗೈ ಅಗಲ ಕತ್ತರಿಸಿ ತೆಗೆದರೆ ಗೊತ್ತಾಗುತ್ತದೆ. ಒದ್ದೆ ಇದ್ದ ಜಾಗವನ್ನು ಕಿತ್ತು ತೆಗೆಸಲೇಬೇಕು. ಅದರ ಮೇಲೇ ಮುಚ್ಚಿದರೆ ನೀರಿಗೆ ನೀವೇ ಮನೆ ಕಟ್ಟಿಕೊಟ್ಟ ಹಾಗೆ.

ದಪ್ಪದ ವಿಷಯ. 1.5 ಅಂದರೆ ಒಟ್ಟು ದಪ್ಪ. ಬಿಸಿಲು, ಮಳೆ ತಡೆಯುವುದು ಒಳಗಿನ ಪಾಲಿಯೆಸ್ಟರ್ ಬಲೆಯ ಮೇಲಿರುವ ಪದರ ಮಾತ್ರ. ಪಿವಿಸಿ ತಾರಸಿ ಶೀಟಿಗೆ ಇರುವ ಅಮೆರಿಕದ ಎಎಸ್‌ಟಿಎಂ ಡಿ4434 ಮಾನದಂಡದ ಪ್ರಕಾರ ಅದು ಕನಿಷ್ಠ 0.40 ಮಿ.ಮೀ. ಇರಬೇಕು. ಮಾರುವವರನ್ನು ಆ ಲೆಕ್ಕ ಕೇಳಿ. ನಿಮ್ಮ ತಾರಸಿಯಲ್ಲಿ ಎಸಿ ಯೂನಿಟ್‌ಗಳಿವೆ ಅಂದಿದ್ದೀರಿ, ಅಂದರೆ ಮೆಕ್ಯಾನಿಕ್‌ಗಳು ಓಡಾಡುತ್ತಾರೆ, ಸ್ಕ್ರೂ ಬೀಳಿಸುತ್ತಾರೆ. ಅದಕ್ಕೇ 1.2 ಬೇಡ ಅಂದದ್ದು. ಅವರು ನಡೆಯುವ ದಾರಿಗೆ ವಾಕ್‌ವೇ ಪ್ಯಾಡ್ ಕೂಡ ಹಾಕಿಸಿ.

ಟಿಪಿಒ ಅನ್ನುವ ಇನ್ನೊಂದು ಬಗೆಯ ಪ್ಲಾಸ್ಟಿಕ್ ಶೀಟು ಯಾಕೆ ಬೇಡ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದೂ ಒಳ್ಳೆಯದೇ. ಆದರೆ ನಿಮ್ಮಲ್ಲಿ ಅಡುಗೆಮನೆ ಎಕ್ಸಾಸ್ಟ್ ಇದೆ ಅಲ್ವಾ? ಎಣ್ಣೆ ಜಿಡ್ಡನ್ನು ಪಿವಿಸಿ ಅದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಹಾಗಂತ ಸುಮ್ನೆ ಬಿಡುವುದಲ್ಲ, ಎಕ್ಸಾಸ್ಟ್ ಬಾಯಿಗೆ ಜಿಡ್ಡು ಹಿಡಿಯುವ ಟ್ರೇ ಇರಲಿ.

ಇಷ್ಟೆಲ್ಲ ಸರಿಯಿದ್ದೂ ಸೋರಿದರೆ, ಸಾಮಾನ್ಯವಾಗಿ ಜಾಯಿಂಟಿನಲ್ಲಿ ಇಲ್ಲವೇ ಪೈಪಿನ ಬುಡದಲ್ಲಿ. ಪಿವಿಸಿ ಜಾಯಿಂಟನ್ನು ಅಂಟು ಹಾಕಿ ಕೂಡಿಸುವುದಿಲ್ಲ, ಬಿಸಿಗಾಳಿಯಲ್ಲಿ ಕರಗಿಸಿ ಬೆಸೆಯುತ್ತಾರೆ. ಮೆಷಿನ್‌ನ ಶಾಖ, ವೇಗ ಎರಡೂ ಆ ದಿನದ ಬಿಸಿಲು ಗಾಳಿಗೆ ತಕ್ಕಂತೆ ಬದಲಾಗಬೇಕು. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಮೊದಲು ಒಂದು ತುಂಡನ್ನು ಬೆಸೆದು, ಆರಿದ ಮೇಲೆ ಅಡ್ಡಕ್ಕೆ ಒಂದು ಪಟ್ಟಿ ಕತ್ತರಿಸಿ ಎಳೆದು ನೋಡಬೇಕು. ಒಳಗಿನ ನೂಲು ಕಾಣುವ ಹಾಗೆ ಶೀಟೇ ಕಿತ್ತುಬಂದರೆ ಬೆಸುಗೆ ಗಟ್ಟಿ. ಎರಡು ಪದರ ನುಣ್ಣಗೆ ಬಿಟ್ಟುಕೊಂಡರೆ ಮೆಷಿನ್ ಸರಿಮಾಡಿಸಿ. ಸಂಜೆ ಕೊಕ್ಕೆಯಂಥ ಕಡ್ಡಿಯನ್ನು ಇಡೀ ಜಾಯಿಂಟಿನ ಅಂಚಿಗೆ ಒತ್ತಿ ಎಳೆಯಬೇಕು, ಬಾಯಿ ಬಿಟ್ಟ ಕಡೆ ಅದು ಒಳಗೆ ಹೋಗುತ್ತದೆ. ಇದು ನಿಮ್ಮೆದುರಿಗೇ ಆಗಲಿ. ಬೇಕಿದ್ದರೆ ಕಡ್ಡಿ ಇಸ್ಕೊಂಡು ನೀವೇ ಎಳೆಯಿರಿ, ಕಷ್ಟವೇನಿಲ್ಲ.

ವಾರಂಟಿ ಎಷ್ಟು ವರ್ಷ ಅಂತ ಆಮೇಲೆ ನೋಡಿ. ನೀರು ನಿಲ್ಲುವ ಜಾಗಕ್ಕೆ ಅದು ಅನ್ವಯಿಸುತ್ತಾ ಅನ್ನುವುದನ್ನು ಮೊದಲು ಓದಿ.

ಕತ್ತರಿಸಿ ನೋಡಿದಾಗ ಒಳಗೆ ಏನಿತ್ತು, ಅಡಿಯಲ್ಲಿ ಕಾಂಕ್ರೀಟಾ ತಗಡಾ ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ಶೀಟನ್ನು ತಳಕ್ಕೆ ಸ್ಕ್ರೂ ಹೊಡೆಯುವುದಾ, ಅಂಟಿಸುವುದಾ ಅಂತ ಆಗ ಹೇಳಬಹುದು.