ಶೆಲ್ ಸ್ಕ್ರಿಪ್ಟ್: ದರ 320 ಇದ್ದರೂ '500ಕ್ಕಿಂತ ಜಾಸ್ತಿ' ಅಂತಲೇ ಬರುತ್ತಿದೆ, ಯಾಕೆ?

ನಿಮ್ಮ ಸಾಲು ಇಫ್ [ $ದರ > 500 ] ಅಂತ ಅಲ್ವಾ? (ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.) ಎರರ್ ಕೂಡ ಬರುತ್ತಿಲ್ಲ ಎಂದಿದ್ದೀರಿ. ಮೊದಲು ಆ ಫೋಲ್ಡರ್‌ನಲ್ಲಿ ಎಲ್‌ಎಸ್ (ಫೈಲ್‌ಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟು ನೋಡಿ. 500 ಅನ್ನೋ ಹೆಸರಿನ ಖಾಲಿ ಫೈಲ್ ಒಂದು ಕೂತಿರುತ್ತದೆ.

ಒಂಟಿ ಬ್ರಾಕೆಟ್ ಒಳಗೆ > ಕಂಡರೆ ಶೆಲ್‌ಗೆ (ನಾವು ಕೊಟ್ಟ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂಗೆ) 'ದೊಡ್ಡದು' ಅಂತ ಅರ್ಥವಾಗುವುದಿಲ್ಲ. 'ಔಟ್‌ಪುಟ್ ಈ ಫೈಲಿಗೆ ಹಾಕು' ಅಂತಲೇ ಅರ್ಥವಾಗುತ್ತದೆ. 500 ಅನ್ನೋ ಫೈಲ್ ತೆರೆದು, ಉಳಿದ [ $ದರ ] ಮಾತ್ರ ನೋಡುತ್ತದೆ. ದರದಲ್ಲಿ ಏನೋ ಒಂದು ಇದ್ದರೆ ಸಾಕು, ಹೌದು ಎನ್ನುತ್ತದೆ.

ನಾನು ಇದನ್ನು ಕಲಿತದ್ದು ಕೋಲಾರದಲ್ಲಿ, ಒಂದು ಟೊಮ್ಯಾಟೊ ಮಂಡಿಯ ಲೆಕ್ಕ ನೋಡಿಕೊಳ್ಳುವಾಗ. ಅಲ್ಲಿ ಎಲ್ಲವೂ 15 ಕೆಜಿ ಬಾಕ್ಸ್ ಲೆಕ್ಕ. ಪ್ರತಿ ಲಾಟಿಗೂ ಒಂದು ಫೈಲ್, ಲಾಟ್ ನಂಬರೇ ಅದರ ಹೆಸರು. 200 ಬಾಕ್ಸ್‌ಗಿಂತ ಜಾಸ್ತಿ ತಂದವರ ಪಟ್ಟಿ ಬೇಕಿತ್ತು, ಇದೇ > ಹಾಕಿದೆ. ಹತ್ತು ಬಾಕ್ಸ್ ತಂದವರೂ ಪಟ್ಟಿಗೆ ಬಂದರು. ಅದಾದರೂ ಹೋಗಲಿ, 200ನೇ ಲಾಟಿನ ಫೈಲ್ ಸೊನ್ನೆ ಬೈಟ್ ಆಗಿಬಿಟ್ಟಿತ್ತು! ಆ ರೈತರು ದುಡ್ಡು ಕೇಳಲು ಬಂದಾಗಲೇ ನನಗೆ ಗೊತ್ತಾಗಿದ್ದು. ಹರಾಜಿನ ಚೀಟಿ ಸಿಕ್ಕಿತು, ಬಚಾವಾದೆ.

[ $ದರ -ಜಿಟಿ 500 ] ಅಂತ ಬರೆಯಿರಿ, ಸರಿಹೋಗುತ್ತದೆ. ಕಡಿಮೆಗೆ -ಎಲ್‌ಟಿ, ಸಮಕ್ಕೆ -ಇಕ್ಯೂ.

'ಜೋಡಿ ಬ್ರಾಕೆಟ್ ಹಾಕಿದರೆ ಸಾಕು' ಅಂತ ಯಾರಾದರೂ ಹೇಳಿದರೆ ನಂಬಬೇಡಿ. [[ ]] ಒಳಗೆ > ಹಾಕಿದರೆ ಫೈಲ್ ಹುಟ್ಟುವುದಿಲ್ಲ, ನಿಜ. ಆದರೆ ಅದು ನಿಘಂಟಿನಲ್ಲಿ ಪದ ಜೋಡಿಸಿದ ಹಾಗೆ ಹೋಲಿಸುತ್ತದೆ. 5 ಆದ ಮೇಲೆ 9 ಬರುತ್ತದಲ್ಲ, ಅದಕ್ಕೆ 500ಕ್ಕಿಂತ 95 ದೊಡ್ಡದು ಎನ್ನುತ್ತದೆ. ಇದು ಇನ್ನೂ ಅಪಾಯ, ಏಕೆಂದರೆ 320 ಕೊಟ್ಟು ಪರೀಕ್ಷೆ ಮಾಡಿದರೆ ಉತ್ತರ ಸರಿಯಾಗಿಯೇ ಬರುತ್ತದೆ. > ಬೇಕೇ ಬೇಕು ಅಂದರೆ ಬ್ಯಾಶ್ ಅನ್ನೋ ಶೆಲ್‌ನಲ್ಲಿ (( ದರ > 500 )) ಬಳಸಿ. ಅಲ್ಲಿ ಮುಂದೆ ಸೊನ್ನೆ ಇರುವ ಸಂಖ್ಯೆ ಬಂದರೆ ಮಾತ್ರ ಹುಷಾರು: 010 ಅಂದರೆ ಅದಕ್ಕೆ 8, 08 ಅಂದರೆ ಎರರ್. 10#$ದರ ಅಂತ ಬರೆದರೆ ಹತ್ತರ ಲೆಕ್ಕದಲ್ಲೇ ಓದುತ್ತದೆ. 12.5 ತರಹದ ದಶಾಂಶ ಇದ್ದರೆ ಇವು ಯಾವುವೂ ಆಗುವುದಿಲ್ಲ, ಆಕ್ ಅನ್ನೋ ಕಮಾಂಡ್ ಬಳಸಿ.

-ಜಿಟಿ ಹಾಕಿದ ಮೇಲೆ 'ಇಂಟಿಜರ್' (ಪೂರ್ಣ ಸಂಖ್ಯೆ) ಬೇಕು ಅಂತ ಎರರ್ ಬಂದರೆ, ನಿಮ್ಮ ದರದ ಫೈಲ್ ವಿಂಡೋಸ್‌ನಲ್ಲಿ ಮಾಡಿದ್ದಾ ನೋಡಿ. ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಗುರುತು ಅಂಟಿಕೊಂಡಿರುತ್ತದೆ. ಆ ಗುರುತನ್ನು ತೆಗೆಯುವ ಡಾಸ್‌ಟುಯುನಿಕ್ಸ್ ಕಮಾಂಡ್ ಓಡಿಸಿದರೆ ಹೋಗುತ್ತದೆ.

ಆ 500 ಫೈಲ್ ಅಳಿಸುವ ಮುಂಚೆ, ಆ ಹೆಸರಲ್ಲಿ ನಿಮ್ಮದೇ ಫೈಲ್ ಇತ್ತಾ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.