ಮತ್ತೆ ಬಯಾಪ್ಸಿ ಬೇಡ, ರಕ್ತ ಪರೀಕ್ಷೆ ಸಾಕೇ?

ಪ್ರಶ್ನೆ: ನನ್ನ ತಂದೆಗೆ 66 ವರ್ಷ. ಶ್ವಾಸಕೋಶದ ಕ್ಯಾನ್ಸರ್. ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ ಮ್ಯುಟೇಷನ್ (ಬದಲಾವಣೆ) ಇದೆ ಎಂದು ಜೆಫಿಟಿನಿಬ್ ಮಾತ್ರೆ ಕೊಟ್ಟಿದ್ದರು. ಒಂದು ವರ್ಷ ಚೆನ್ನಾಗಿದ್ದರು, ಈಗ ಗಡ್ಡೆ ಮತ್ತೆ ಬೆಳೆದಿದೆ. ಹೋದ ಸಲ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ನೋಡುವುದು) ಆದಮೇಲೆ ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡು ತುಂಬಾ ಒದ್ದಾಡಿದರು. ಈ ಸಲ ರಕ್ತದಲ್ಲೇ ನೋಡೋಣ ಎನ್ನುತ್ತಾರೆ ಡಾಕ್ಟರು. ನಂಬಬಹುದೇ? ನಾನೂ ಒಮ್ಮೆ ಮಾಡಿಸಿಕೊಳ್ಳಲೇ?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಡಾಕ್ಟರು ಸರಿಯಾದ ದಾರಿಯನ್ನೇ ಹೇಳಿದ್ದಾರೆ. ಮೊದಲು ರಕ್ತ ಪರೀಕ್ಷೆಯೇ ಆಗಲಿ.

ಗಡ್ಡೆಯ ಕೋಶಗಳು ಸಾಯುವಾಗ ಅವುಗಳ ಡಿಎನ್‌ಎ ಚೂರುಚೂರಾಗಿ ರಕ್ತಕ್ಕೆ ಸೇರುತ್ತದೆ. ಕೆಲವೇ ಗಂಟೆಗಳಲ್ಲಿ ಕರಗಿಹೋಗುತ್ತದೆ. ಹಾಗಾಗಿ ಸಿಕ್ಕ ಚೂರು ಗಡ್ಡೆಯ ಇವತ್ತಿನ ಸ್ಥಿತಿ ಹೇಳುತ್ತದೆ, ಹಳೆಯದನ್ನಲ್ಲ. ಇಡೀ ಕ್ಯಾನ್ಸರ್ ಕೋಶಗಳೂ ರಕ್ತದಲ್ಲಿ ಓಡಾಡುತ್ತವೆ. ಆಸ್ಟ್ರೇಲಿಯಾದ ಥಾಮಸ್ ಆಶ್‌ವರ್ತ್ ಎಂಬ ವೈದ್ಯರು 1869ರಲ್ಲೇ ಅದನ್ನು ಗುರುತಿಸಿದ್ದರು. ಆದರೆ ಅವು ತೀರಾ ಅಪರೂಪ. ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ 7.5 ಮಿ.ಲೀ. ರಕ್ತದಲ್ಲಿ 5 ಕೋಶ ಸಿಕ್ಕರೇ ಜಾಸ್ತಿ ಎಂದು ಲೆಕ್ಕ! ನಿಮ್ಮ ತಂದೆಗೆ ನೋಡಬೇಕಿರುವುದು ಡಿಎನ್‌ಎ.

ಜೆಫಿಟಿನಿಬ್ ಕೆಲಸ ನಿಲ್ಲಿಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಟಿ790ಎಂ ಎಂಬ ಹೊಸ ಮ್ಯುಟೇಷನ್ ಬಂದಿರುತ್ತದೆ. ಅದಿದ್ದರೆ ಒಸಿಮರ್ಟಿನಿಬ್ ಮಾತ್ರೆ ಹಿಡಿಯುತ್ತದೆ. ರಕ್ತದಲ್ಲಿ ಟಿ790ಎಂ ಕಂಡರೆ ನಂಬಿ ಚಿಕಿತ್ಸೆ ಶುರು ಮಾಡಬಹುದು, ಬಯಾಪ್ಸಿ ತಪ್ಪುತ್ತದೆ. ಕಾಣದಿದ್ದರೆ 'ಇಲ್ಲ' ಎಂದು ತೀರ್ಮಾನಿಸಬೇಡಿ. ಗಡ್ಡೆಯಲ್ಲಿ ಈ ಮ್ಯುಟೇಷನ್ ಇರುವ 10 ಜನರಲ್ಲಿ ಸುಮಾರು 3 ಮಂದಿಗೆ ರಕ್ತದಲ್ಲಿ ಅದು ಸಿಗುವುದಿಲ್ಲ. ಕಾಯಿಲೆ ಎದೆಯೊಳಗೇ ಇದ್ದರೆ ರಕ್ತಕ್ಕೆ ಬರುವ ಡಿಎನ್‌ಎ ಕಡಿಮೆ. ಆಗ ಬಯಾಪ್ಸಿ ಮಾಡಲೇಬೇಕಾಗಬಹುದು. ಶ್ವಾಸಕೋಶದ ಸುತ್ತ ನೀರು ತುಂಬಿದ್ದರೆ ಆ ನೀರಿನಲ್ಲೂ ನೋಡಬಹುದು. ಮಿದುಳಿನಲ್ಲಿ ಮಾತ್ರ ಕಾಯಿಲೆ ಹೆಚ್ಚಾಗಿದ್ದರೆ ಬೆನ್ನುಹುರಿಯ ಸುತ್ತಲಿನ ದ್ರವವೇ ಮೇಲು.

ರಕ್ತ ಕೊಡುವ ದಿನ ಯಾವ ಟ್ಯೂಬಿಗೆ ತೆಗೆಯುತ್ತಾರೆ ಎಂದು ದಯವಿಟ್ಟು ಕೇಳಿ. ಇದು ಸಣ್ಣ ವಿಷಯವಲ್ಲ. ಮಾಮೂಲಿ ನೇರಳೆ ಮುಚ್ಚಳದ ಟ್ಯೂಬಾದರೆ ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾ (ರಕ್ತದ ದ್ರವ ಭಾಗ) ಬೇರ್ಪಡಿಸಬೇಕು. ತಡವಾದರೆ ಬಿಳಿ ರಕ್ತಕಣಗಳು ಒಡೆದು, ಅವುಗಳ ಡಿಎನ್‌ಎ ರಾಶಿಯಲ್ಲಿ ಗಡ್ಡೆಯದು ಮುಚ್ಚಿಹೋಗುತ್ತದೆ. ಸ್ಯಾಂಪಲ್ ಬೇರೆ ಊರಿನ ಲ್ಯಾಬಿಗೆ ಹೋಗುವುದಾದರೆ, ಕೋಶ ಒಡೆಯದಂತೆ ಕಾಪಾಡುವ ವಿಶೇಷ ಟ್ಯೂಬೇ ಬೇಕು. ಹೊಸ ಚಿಕಿತ್ಸೆ ಶುರುವಾಗುವ ಮುಂಚೆಯೇ ರಕ್ತ ಕೊಡಿ. ರಿಪೋರ್ಟ್ ಬರುವವರೆಗೆ ಈಗಿನ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಕಾಯಿಲೆ ಏಕಾಏಕಿ ಜೋರಾಗಬಹುದು.

ಇನ್ನು ನಿಮಗೆ ಈ ಪರೀಕ್ಷೆ ಬೇಡ. ತಂದೆಯವರ ಮ್ಯುಟೇಷನ್ ಗಡ್ಡೆಯಲ್ಲಿ ಹುಟ್ಟಿದ್ದು. ಇಂಥದ್ದು ಮಕ್ಕಳಿಗೆ ಬರುವುದು ತೀರಾ ಅಪರೂಪ. ವಯಸ್ಸಾದಂತೆ ಆರೋಗ್ಯವಂತರ ರಕ್ತಕಣಗಳಲ್ಲೂ ಮ್ಯುಟೇಷನ್ ಕಾಣಿಸುತ್ತದೆ, ಅದನ್ನು ನೋಡಿ ಸುಮ್ನೆ ಭಯಪಡುವಂತಾಗುತ್ತದೆ ಅಷ್ಟೇ. ಎರಡು-ಮೂರು ವಾರ ಬಿಡದ ಕೆಮ್ಮು ಇದ್ದರೆ, ಕಫದಲ್ಲಿ ರಕ್ತ ಕಂಡರೆ, ಡಾಕ್ಟರಿಗೆ ತೋರಿಸಿ ಎದೆಯ ಎಕ್ಸ್‌ರೇ ತೆಗೆಸಿಕೊಳ್ಳಿ.