ಬೆಳೆ ಕೈಕೊಟ್ಟ ವರ್ಷ ಸುಗ್ಗಿ ಹಬ್ಬದಲ್ಲಿ ಏನು ಬೋಧಿಸಲಿ?

ಪ್ರಶ್ನೆ: ನಾನು ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯ ಕ್ರೈಸ್ತ ಸಭೆಯವನು. ಪಾಸ್ಟರ್ ಬರದ ವಾರ ನಾನೇ ವಾಕ್ಯ ಹೇಳುತ್ತೇನೆ. ಸುಗ್ಗಿ ಹಬ್ಬದ ಆರಾಧನೆಗೆ ‘ದೇವರಿಗೆ ಕೊಡುವುದು’ ಎಂಬ ವಿಷಯ ನನ್ನ ಪಾಲಿಗೆ ಬಂದಿದೆ. ಈ ಸಲ ಹೆಸರು, ಉದ್ದು ಮಳೆಗೆ ಕೊಳೆತವು. ತೊಗರಿ ನೆಟೆ ರೋಗ ಬಂದು ನಿಂತಲ್ಲೇ ಒಣಗಿತು. ಎಷ್ಟೋ ಮನೆಯವರು ಹೈದರಾಬಾದ್, ಪುಣೆ ಕಡೆ ದುಡಿಯಲು ಹೋಗಿದ್ದಾರೆ. ಉಳಿದವರ ಮುಂದೆ ನಿಂತು ದಶಮಾಂಶ, ಅಂದರೆ ಬೆಳೆಯ ಹತ್ತರಲ್ಲಿ ಒಂದು ಪಾಲು, ತನ್ನಿ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ದಶಮಾಂಶ ಕೇಳುವ ಮಲಾಕಿಯ 3:10 ಬಿಟ್ಟು ಬೇರೆ ವಾಕ್ಯ ಹಿಡಿಯಬಹುದೇ?

ಉತ್ತರ: ಹಿಡಿಯಬಹುದು. ಆದರೆ ಮಲಾಕಿಯನನ್ನು ಬಿಡಬೇಕಾಗಿಲ್ಲ. ಐದು ವಚನ ಮೇಲಿನಿಂದ ಓದಲು ಶುರುಮಾಡಿ. 3:5ರಲ್ಲಿ ಕೂಲಿಯವನ ಕೂಲಿ ಮುರಿಯುವವರ, ವಿಧವೆಯರನ್ನೂ ತಂದೆಯಿಲ್ಲದ ಮಕ್ಕಳನ್ನೂ ಗೋಳಾಡಿಸುವವರ ವಿರುದ್ಧ ದೇವರೇ ಸಾಕ್ಷಿಗೆ ನಿಲ್ಲುತ್ತಾನೆ. ಭಂಡಾರಕ್ಕೆ ದಶಮಾಂಶ ತನ್ನಿ ಎಂಬ ಮಾತು ಆಮೇಲೆ ಬರುತ್ತದೆ. ಅಲ್ಲಿಯೂ ಕಾರಣ ಹೇಳಿದೆ: ನನ್ನ ಆಲಯದಲ್ಲಿ ಆಹಾರವಿರಲಿ. ಆ ಭಂಡಾರ ಎಂದರೆ ಕಾಳಿನ ಕಣಜ. ಧರ್ಮೋಪದೇಶಕಾಂಡ 14:28-29ರಲ್ಲಿ ಮೂರನೆಯ ವರ್ಷದ ದಶಮಾಂಶವನ್ನು ಊರಲ್ಲೇ ಕೂಡಿಡಬೇಕು, ಆಲಯದ ಸೇವೆಯ ಕುಲದವನಾದ ಭೂಮಿಯಿಲ್ಲದ ಲೇವಿಯನು, ಪರದೇಶಿ, ಅನಾಥ, ವಿಧವೆ ಬಂದು ಹೊಟ್ಟೆ ತುಂಬ ಉಣ್ಣಬೇಕು ಎಂದಿದೆ. ಅಂದರೆ ಈ ವರ್ಷ ನಿಮ್ಮ ಸಭೆಯಲ್ಲಿ ಹಲವರು ಆ ಕಣಜದಿಂದ ಪಡೆಯಬೇಕಾದವರು. ಅದನ್ನು ಪ್ರಸಂಗದ ಮೊದಲ ಮಾತಾಗಿ ಹೇಳಿ.

ಈ ಪಾಠ ನಾನು ತಡವಾಗಿ ಕಲಿತೆ. ಒಂದು ಬರಗಾಲದ ವರ್ಷ ನಾನೂ ಅದೇ 3:10 ಹಿಡಿದು ಜೋರಾಗಿ ಬೋಧಿಸಿದ್ದೆ. ಮುಂದಿನ ಭಾನುವಾರ ಒಬ್ಬ ರೈತ ಅರ್ಧ ಚೀಲ ಜೋಳ ತಂದು ವೇದಿಯ ಮುಂದೆ ಇಟ್ಟ. ನಾನು ಅದನ್ನು ಹೊಗಳಿದೆ, ಹರಾಜೂ ಆಯಿತು. ಹಿಂಗಾರಿ ಬಿತ್ತನೆಗೆ ಅವನು ಎತ್ತಿಟ್ಟಿದ್ದ ಬೀಜದ ಜೋಳ ಅದು ಎಂದು ನನಗೆ ತಿಳಿಯುವಷ್ಟರಲ್ಲಿ ಅವನು ಬಡ್ಡಿಗೆ ಸಾಲ ತಂದು ಬೀಜ ಕೊಂಡಿದ್ದ. ತಪ್ಪು ಅವನದಲ್ಲ, ಅವನ ಕಣಜದಲ್ಲಿ ಏನಿದೆಯೆಂದು ಕೇಳದೆ ಬೋಧಿಸಿದ ನನ್ನದು. ಇಂದಿಗೂ ಆ ಚೀಲ ಕಣ್ಣ ಮುಂದೆ ಬರುತ್ತದೆ.

ಇನ್ನು ನೀವು ಹಿಡಿಯಬಹುದಾದ ವಾಕ್ಯ 2 ಕೊರಿಂಥ 8ನೇ ಅಧ್ಯಾಯ, ಅಪೊಸ್ತಲ ಪೌಲನು ಕೊರಿಂಥದ ಸಭೆಗೆ ಬರೆದ ಪತ್ರ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲನು ಹಣ ಕೂಡಿಸುತ್ತಿದ್ದಾನೆ. 12ನೇ ವಚನದಲ್ಲಿ ಅವನು ಹೇಳುವುದಿಷ್ಟು: ಮನಸ್ಸಿದ್ದರೆ, ಒಬ್ಬನ ಹತ್ತಿರ ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ಸ್ವೀಕಾರವಾಗುತ್ತದೆ, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ. ಮುಂದಿನ ವಚನದಲ್ಲಿ, ಬೇರೆಯವರಿಗೆ ಹಗುರಾಗಿ ನಿಮಗೆ ಭಾರವಾಗಲಿ ಎಂದು ನಾನು ಹೇಳುತ್ತಿಲ್ಲ, ಸಮಾನತೆ ಇರಲಿ ಎನ್ನುತ್ತಾನೆ. ಇದನ್ನು ಎರಡು ಸಲ ಓದಿ, ನಿಧಾನವಾಗಿ.

ಹಾಗೆಂದು ಬಡವರಿಗೆ ‘ನೀವು ಕೊಡಬೇಡಿ’ ಎನ್ನಬೇಡಿ. ಅದೂ ಒಂದು ಅವಮಾನವೇ. ಅದೇ ಅಧ್ಯಾಯದ ಮಕೆದೋನ್ಯ ಸೀಮೆಯ ಸಭೆಯವರು ಕಡುಬಡತನದಲ್ಲಿದ್ದರೂ ನಮಗೂ ಪಾಲು ಕೊಡಿ ಎಂದು ಬೇಡಿಕೊಂಡು ಕೊಟ್ಟರು. ಒಂದು ಹಿಡಿ ತೊಗರಿ ತಂದವಳ ಕಾಣಿಕೆಯನ್ನು ಮೂಟೆ ತಂದವನ ಪಕ್ಕದಲ್ಲೇ ಇಟ್ಟು ಪ್ರಾರ್ಥಿಸಿ.

ಆಲಯದ ಕಾಣಿಕೆ ಪೆಟ್ಟಿಗೆಗೆ ತನ್ನಲ್ಲಿದ್ದ ಎರಡೇ ಕಾಸು ಹಾಕಿದ ಬಡ ವಿಧವೆಯ ಕಥೆಯನ್ನು ಮಾತ್ರ ಈ ದಿನ ಎಚ್ಚರದಿಂದ ಮುಟ್ಟಿ. ಆ ಎರಡು ಕಾಸು ಸೇರಿದರೆ ಅಂದಿನ ದಿನಗೂಲಿಯ 64ನೇ ಒಂದು ಪಾಲು. ಇಂದು ದಿನಕ್ಕೆ 500 ರೂಪಾಯಿ ಕೂಲಿ ಎಂದು ಹಿಡಿದರೂ ಎಂಟು ರೂಪಾಯಿ ತುಂಬುವುದಿಲ್ಲ. ಅದು ಅವಳ ಇಡೀ ಬದುಕು. ಯೇಸುಸ್ವಾಮಿ ಅವಳನ್ನು ಮೆಚ್ಚಿದರು, ನಿಜ. ಆದರೆ ಮಾರ್ಕ 12:40ರಲ್ಲಿ, ಅಂದರೆ ಕಥೆಗೆ ಸ್ವಲ್ಪ ಮುಂಚೆ, ವಿಧವೆಯರ ಮನೆ ನುಂಗುವ ಶಾಸ್ತ್ರಿಗಳನ್ನು ಖಂಡಿಸಿದ್ದೂ ಅವರೇ. ಈ ಎರಡನ್ನು ಬೇರ್ಪಡಿಸಿ ಬೋಧಿಸುವುದು ನನಗೆ ಸರಿ ಕಾಣುವುದಿಲ್ಲ.

ನೀರಾವರಿ ಹೊಲವಿರುವವರು, ಸರ್ಕಾರಿ ನೌಕರಿಯವರು ನಿಮ್ಮ ಸಭೆಯಲ್ಲೂ ಇದ್ದಾರು. ಅವರಿಗೆ ಯಾಜಕಕಾಂಡ 19:9-10 ಹೇಳಿ: ಹೊಲದ ಅಂಚು ಕೊಯ್ಯಬೇಡ, ಬಿದ್ದ ತೆನೆಯ ಹಕ್ಕಲಾಯಬೇಡ, ಬಡವರಿಗೂ ಪರದೇಶಿಗೂ ಬಿಡು. ಹಕ್ಕಲು ಎಂದರೆ ನಮ್ಮ ಕಡೆ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ಬೈಬಲಿನ ಪರದೇಶಿ ವಿಧವೆ ರೂತಳ ಹೊಟ್ಟೆ ತುಂಬಿದ್ದು ಅದರಿಂದಲೇ. ‘ಮನೆವಾರ್ತೆಯವನು’ ಎಂಬ ಬೈಬಲಿನ ಪದ ಎಳೆಯರಿಗೆ ತಿಳಿಯದಿದ್ದರೆ, ಯಜಮಾನನ ಮನೆ, ಕಣಜ, ಆಳುಗಳ ಊಟ ನೋಡಿಕೊಳ್ಳುವವನು ಎಂದು ಬಿಡಿಸಿ ಹೇಳಿ. ಲೂಕ 12:42ರಲ್ಲಿ ಅವನ ಕೆಲಸ ಹೊತ್ತುಹೊತ್ತಿಗೆ ಆಳುಗಳಿಗೆ ಆಹಾರ ಅಳೆದು ಕೊಡುವುದು. (ಬಸವಕಲ್ಯಾಣ ನಿಮಗೆ ದೂರವಲ್ಲ. 12ನೇ ಶತಮಾನದ ಶರಣರ ‘ದಾಸೋಹ’ ಎಂಬ ಮಾತನ್ನು ಗೌರವದಿಂದ ನೆನೆದರೆ ಕೇಳುವವರಿಗೆ ಹತ್ತಿರವಾಗುತ್ತದೆ. ಎರಡೂ ಒಂದೇ ಎಂದು ಮಾತ್ರ ಹೇಳಬೇಡಿ, ಅವುಗಳ ಬೇರು ಬೇರೆ.)

ಆರಾಧನೆಯಲ್ಲಿ ಹಬಕ್ಕೂಕ 3:17-18 ಓದಿಸಿ. ಮರದಲ್ಲಿ ಹಣ್ಣಿಲ್ಲ, ಹೊಲದಲ್ಲಿ ಕಾಳಿಲ್ಲ, ಹಟ್ಟಿಯಲ್ಲಿ ದನವಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದ ಮೇಲೆಯೇ ಆ ಪ್ರವಾದಿ ಸ್ತೋತ್ರ ಮಾಡುತ್ತಾನೆ. ಓದಿದ ಮೇಲೆ ಒಂದೆರಡು ನಿಮಿಷ ಸುಮ್ಮನಿರಿ. ಅಳುವವರು ಅಳಲಿ. ಬಂದ ಕಾಳನ್ನು ಈ ವರ್ಷ ಹರಾಜು ಹಾಕದೆ ಬೇಕಾದ ಮನೆಗಳಿಗೆ ಹಂಚಲು, ಸ್ವಲ್ಪ ಬೀಜಕ್ಕೆ ಎತ್ತಿಡಲು ಆಗುತ್ತದೆಯೇ ಎಂದು ಪಾಸ್ಟರ್ ಮತ್ತು ಹಿರಿಯರನ್ನು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಕಲಬುರಗಿಯ ಸಭೆಯೊಂದರ ಖಜಾಂಚಿ ನಾನು. ಯಾರು ಎಷ್ಟು ಕೊಟ್ಟರು ಎಂದು ಮೈಕಿನಲ್ಲಿ ಓದುವ ರೂಢಿ ನಮ್ಮಲ್ಲಿದೆ. ನಿಲ್ಲಿಸಿದರೆ ಲೆಕ್ಕ ಮುಚ್ಚಿಟ್ಟಂತೆ ಆಗುವುದಿಲ್ಲವೇ?

ಉತ್ತರ: ಇಲ್ಲಮ್ಮ, ಅವು ಎರಡು ಬೇರೆ ಮಾತು. ಕೊಟ್ಟವರ ಹೆಸರು ಮತ್ತಾಯ 6:3ರ ಪ್ರಕಾರ ಗುಟ್ಟಾಗಿರಲಿ, ರಸೀದಿ ಅವರವರ ಕೈಗೆ ಕೊಡಿ. ಖರ್ಚಿನ ಲೆಕ್ಕ ಎಲ್ಲರ ಮುಂದೆ ಓದಿ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಆ ದೊಡ್ಡ ಮೊತ್ತವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ, ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡ. ಯಾರೂ ತಪ್ಪು ಹಿಡಿಯಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂಬುದು ಅವನ ಕಾಳಜಿ (2 ಕೊರಿಂಥ 8:19-21). ಕಾಣಿಕೆ ಚೀಲವನ್ನು ನೀವು ಒಬ್ಬರೇ ಎಣಿಸಬೇಡಿ. ಒಂದೇ ಮನೆಯವರಲ್ಲದ ಇಬ್ಬರು ಜೊತೆಗಿರಲಿ, ಮೂವರೂ ಅಂದೇ ರಿಜಿಸ್ಟರಿನಲ್ಲಿ ಸಹಿ ಮಾಡಿ. ಫೋನ್‌ಪೇ ಕಾಣಿಕೆ ನಿಮ್ಮ ಸ್ವಂತ ನಂಬರಿಗೆ ಬರುತ್ತಿದ್ದರೆ ಈ ವಾರವೇ ಸಭೆಯ ಖಾತೆಗೆ ಬದಲಿಸಿ.